ಕಾಣೋದು ಹೇಳು

ನವೆಂಬರ್ ೯, ರವಿವಾರ

ಅಕ್ಷರ ಸೊಟ್ಟಗಿವೆ. ಒತ್ತು ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು, ಈಗಲೂ ತಿಳಿಯುವುದಿಲ್ಲ. ಸಾರವಾಡದ ಸಾಲೆಯಲ್ಲಿ ಐದನೆಯ ಇಯತ್ತೆಗೇ ಮುಗಿಯಿತು. ಆಮೇಲೆ ಕೈಗೆ ಬಂದದ್ದು ದಬ್ಬಣ. ಗಾದಿ ಹೊಲಿಯುವ ಕೈಗೆ ಪೆನ್ನು ತೆಳ್ಳಗೆ, ಜಾರುತ್ತದೆ. ಯಾರೂ ಓದುವುದಿಲ್ಲ, ಗೊತ್ತು. ಆದರೂ ಮೊದಲೇ ಹೇಳಿಬಿಟ್ಟರೆ ಸಮಾಧಾನ — ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇವತ್ತೂ ನಾಲ್ಕರ ಆಟ. ಪೊಲೀಸರ ಸಿನಿಮಾ. ನಾನು ಅವ್ವನ ಬಲಕ್ಕೆ ಕೂತೆ, ಅವಳಿಗೆ ಬಲಗಿವಿ ಚುರುಕು. ಅಣ್ಣ ಇಮ್ರಾನ ಹಾಗೇ ಕೂರುತ್ತಿದ್ದ.

ಸಕ್ಕರೆ ಕಾಯಿಲೆಗೆ ಅವ್ವನ ಎರಡೂ ಕಣ್ಣು ಹೋದಾಗ ಇಮ್ರಾನ ಅಂದಿದ್ದ — ‘ಕಣ್ಣ ಹೋದ್ರ ಏನಾತಬೇ, ಟಾಕೀಜ ಎಲ್ಲಿ ಹೋಗೇತಿ? ನಾ ನೋಡತೇನಿ, ನೀ ಕೇಳು.’ ಅವತ್ತಿನಿಂದ ರವಿವಾರಕ್ಕೊಂದು ಸಿನಿಮಾ. ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇರುತ್ತಿದ್ದ. ಮೊದಮೊದಲು ಹಿಂದಿನ ಸಾಲಿನವರು ‘ಶ್’ ಅನ್ನುತ್ತಿದ್ದರು. ಆಮೇಲೆ ಅವರೇ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಸಿನಿಮಾಕ್ಕಿಂತ ಅವನದೇ ಚೆಂದ.

ಆಗಸ್ಟಿನಲ್ಲಿ ತಿಕೋಟಾ ದಾರಿಯಲ್ಲಿ ಅವನ ಟೆಂಪೋ ಪಲ್ಟಿಯಾಯಿತು. ಅಷ್ಟೇ ಬರೆಯುತ್ತೇನೆ.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಅವ್ವನೇ ಅಂದಳು — ‘ಟಾಕೀಜಿಗಿ ಕರಕೊಂಡ ಹೋಗ ಮಿನಾಜ. ಮನ್ಯಾಗ ಕುಂತ್ರ ಬಾಗಲಾ ಸಪ್ಪಳಾದಾಗೊಮ್ಮೆ ಅವನ ಬಂದಂಗ ಆಗತೈತಿ.’ ಪಕ್ಕದ ಮನೆಯ ಇರ್ಫಾನಾ ಹೊಸ್ತಿಲಲ್ಲೇ ನಿಂತು ಅಂದಳು — ‘ಮಗನ ಮಣ್ಣ ಇನ್ನ ಆರಿಲ್ಲ, ಸಿನಿಮಾ ನೋಡಾಕ ಹೊಂಟೀಯೇನು ಚಾಂದಬಿ?’ ಅವ್ವ ಮುಖವನ್ನೂ ತಿರುಗಿಸದೆ — ‘ನೋಡಾಕ ಕಣ್ಣ ಎಲ್ಲಿಂದ ತರಲಿ ಯವ್ವಾ. ಕೇಳಾಕ ಹೊಂಟೇನಿ.’

ಅಪ್ಪ ಎದ್ದು ನಮ್ಮ ಗಾದಿ ಅಂಗಡಿಗೆ ಹೋದ. ಹತ್ತಿ ಹಿಂಜುವ ಮಷೀನು ಚಾಲೂ ಮಾಡಿದ. ಇಮ್ರಾನನ ಹೆಸರು ಬಂದಾಗೆಲ್ಲ ಹಾಗೇ ಮಾಡುತ್ತಾನೆ. ಆ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ಇವತ್ತಿನ ಸಿನಿಮಾ ಹೇಗಿತ್ತು? ಗೊತ್ತಿಲ್ಲ. ಒಂದೇ ಸಮನೆ ಗುಂಡು. ಹೇಳುವುದರಲ್ಲಿ ಹಿಂದೆ ಬಿದ್ದೆ. ಯಾರು ಯಾರಿಗೆ ಹೊಡೆದರು ಎಂದು ಅವ್ವ ಕೇಳುವಷ್ಟರಲ್ಲಿ ಹೊಡೆದವನೂ ಸತ್ತಿದ್ದ. ನನಗೆ ಹತ್ತು ಜನರ ಮುಂದೆ ಬಾಯಿಯೇ ಬರುವುದಿಲ್ಲ, ಕತ್ತಲಾದರೂ ಅಷ್ಟೇ. ಮನೆಗೆ ಬಂದ ಮೇಲೆ ಅವ್ವ ಮತ್ತೆ ಕತೆ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಅರ್ಧ ಮರೆತಿರುತ್ತದೆ. ಅದಕ್ಕೇ ಈ ವಹಿ. ನೋಡಿದ್ದನ್ನು ನೋಡಿದ ದಿನವೇ ಬರೆದಿಡುವುದು.

ಬರೆಯಬೇಕಾದ್ದು ಒಂದೇ ಸೀನ್. ಪೊಲೀಸನ ತಾಯಿ ಅವನ ಬೂಟು ಒರೆಸಿ ಬಾಗಿಲ ಬಳಿ ಇಡುತ್ತಾಳೆ. ಅವನು ಸತ್ತದ್ದು ಅವಳಿಗಿನ್ನೂ ಗೊತ್ತಿಲ್ಲ. ಅದನ್ನು ಅವ್ವನಿಗೆ ಹೇಳಲಿಲ್ಲ. ಬೂಟಿಗೆ ಸಪ್ಪಳವಿರಲಿಲ್ಲ, ಹಾಗಾಗಿ ಅವ್ವನಿಗೆ ಗೊತ್ತೂ ಆಗಲಿಲ್ಲ.

ನವೆಂಬರ್ ೨೩, ರವಿವಾರ

ಪ್ರೀತಿಯ ಸಿನಿಮಾ. ಹುಡುಗ ಹುಡುಗಿ ಒಂದು ಕೆರೆಯ ದಂಡೆಗೆ ಕೂತರು. ಕೂತೇ ಕೂತರು. ಮಾತಿಲ್ಲ, ಹಾಡಿಲ್ಲ, ಏನೂ ಇಲ್ಲ. ಥಿಯೇಟರ್ ತುಂಬ ಮೌನ. ಅವ್ವ ದೊಡ್ಡ ದನಿಯಲ್ಲಿ — ‘ಕರೆಂಟ ಹೋತೇನು?’

ಎಲ್ಲರೂ ನಕ್ಕರು. ನನಗೆ ನೆಲ ಬಾಯ್ತೆರೆದರೆ ಸಾಕೆನಿಸಿತು.

‘ಇಲ್ಲಬೇ, ಸುಮ್ನ ಕುಂತಾರ,’ ಅಂದೆ.

‘ಸುಮ್ನ ಕೂಡಾಕ ಟಿಕೀಟ ತಗದೇವೇನು? ಏನ ಮಾಡಾಕತ್ತಾರ ಹೇಳು.’

‘ಆಕಿ ಅಳಾಕತ್ತಾಳ.’

‘ಮೂಗ ಏರಸೂದು ಕೇಳಾಕತ್ತೈತಿ ನನಗ. ಕೇಳೋದು ನನಗ ಕೇಳತೈತಿ ಮಿನಾಜ. ನೀ ಕಾಣೋದು ಹೇಳು.’

ಮುಂದಕ್ಕೆ ಬಾಗಿದೆ. ಆಮೇಲೆ ಸರಿಯಾಗಿ ನೋಡಿದೆ. ಹುಡುಗಿ ಕಾಲಿನ ಹೆಬ್ಬೆರಳಿನಿಂದ ಕೆಸರಿನಲ್ಲಿ ಗೆರೆ ಎಳೆಯುತ್ತಿದ್ದಳು. ಹುಡುಗ ಆ ಗೆರೆಯನ್ನು ನೋಡುತ್ತಿದ್ದ, ಅವಳನ್ನಲ್ಲ. ಅವನ ಅಂಗಿಯ ಕಾಲರಿನ ಮೇಲೆ ಒಂದು ಇರುವೆ. ಅದನ್ನೇ ಹೇಳಿದೆ. ‘ಹಾಂ,’ ಅಂದಳು ಅವ್ವ. ‘ಇಮ್ರಾನನೂ ಇರಿವಿ ಬಿಡತಿದ್ದಿಲ್ಲ.’

ಸಿನಿಮಾ ಕೊನೆಗೆ ಇಬ್ಬರೂ ಬೇರೆಯಾದರು. ಸುಮ್ಮಸುಮ್ಮನೆ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಆದರೆ ಆ ಕೆಸರಿನ ಗೆರೆ ಇನ್ನೂ ಕಣ್ಣಲ್ಲಿದೆ.

ಡಿಸೆಂಬರ್ ೩, ಬುಧವಾರ. ಮಧ್ಯಾಹ್ನ

ಸಿನಿಮಾ ನೋಡಿಲ್ಲ. ಆದರೂ ಬರೆಯಬೇಕು.

ನಮ್ಮ ಅಂಗಡಿಯ ಪಕ್ಕ ಬ್ಲೌಸ್ ಹೊಲಿಯುವ ಕಸ್ತೂರಿ ಓಡಿ ಬಂದಳು. ನಿಡೋಣಿಯವಳು, ನನಗಿರುವ ಒಬ್ಬಳೇ ಗೆಳತಿ. ಮೊಬೈಲು ನನ್ನ ಮೂಗಿಗೇ ಹಿಡಿದಳು — ‘ನೋಡಲೇ! ನಿಮ್ಮಣ್ಣನ ಸಿನಿಮಾ ಜನವರಿಗೆ ಬರತೈತಂತ!’

ಬೆರಳಿಗೆ ದಬ್ಬಣ ಚುಚ್ಚಿತು.

ಮಾರ್ಚಿನಲ್ಲಿ ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಶೂಟಿಂಗ್ ನಡೆದಿತ್ತು. ಇಮ್ರಾನ ಮತ್ತು ಅವನ ಜೋಡಿ ಡ್ರೈವರ್ ದಶರಥ ಒಣದ್ರಾಕ್ಷಿಯ ಬಾಕ್ಸ್ ತುಂಬಿಕೊಂಡು ಅಲ್ಲಿ ಚಹಾಕ್ಕೆ ನಿಂತಿದ್ದರು. ಸಿನಿಮಾದವರು ಇಮ್ರಾನನನ್ನು ನೋಡಿ, ಟೆಂಪೋ ಸಮೇತ ಇರಲಿ ಅಂದರಂತೆ. ಕತೆಯಲ್ಲಿ ಒಂದು ಸಣ್ಣ ಹುಡುಗಿ ಇದ್ದಾಳೆ. ದುಡಿಯಲು ಹೋದ ಅಪ್ಪ ಬರುತ್ತಾನೆಂದು ದಿನಾ ಸಂಜೆ ಬಸ್ಸು ಕಾಯುತ್ತಾಳೆ. ಟೆಂಪೋ ಡ್ರೈವರ್ ಅವಳಿಗೊಂದು ಮಾತು ಹೇಳಬೇಕು. ಒಂದೇ ಮಾತು.

‘ಏ ತಂಗಿ, ಇವತ್ತಿನ ಬಸ್ಸಿಗೂ ನಿಮ್ಮಪ್ಪ ಬರಲಿಲ್ಲ. ಕತ್ತಲಾತು, ಮನಿಗಿ ನಡಿ.’

ಹೇಳಿ ಬಂದ ಮೇಲೂ ತಿಂಗಳುಗಟ್ಟಲೆ ಮನೆಯಲ್ಲಿ ಅದೇ. ಸ್ನಾನ ಮಾಡುವಾಗ ಅದೇ. ರೊಟ್ಟಿ ತಾಟಿಗೆ ಬಿದ್ದರೆ ಅದೇ. ಅವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ — ‘ಹೀರೋ ಬಂದ ನೋಡ್ರಿ, ನೀರ ಕಾಸ್ರಿ!’

ಕಸ್ತೂರಿ ಹೋದ ಮೇಲೆ ಅವ್ವನಿಗೆ ಹೇಳಿದೆ. ‘ದನಿ ಕೇಳತೈತೇನು?’ ಅಂದಳು.

‘ಕೇಳತೈತಿ. ಡೈಲಾಗ್ ಐತೆಲ್ಲ.’

ನಮ್ಮ ಹತ್ತಿರ ಅವನ ದನಿ ಎಲ್ಲಿಯೂ ಇಲ್ಲ. ಅವನ ಮೊಬೈಲು ಟೆಂಪೋದ ಕೆಳಗೇ ಹೋಯಿತು. ನನ್ನದರಲ್ಲಿ ಫೋಟೋಗಳಿವೆ. ಒಂದು ಮದುವೆಯ ವಿಡಿಯೋ ಇದೆ, ಅದರಲ್ಲಿ ಕುಣಿಯುತ್ತಾನೆ. ಬರೀ ಬ್ಯಾಂಡಿನ ಸಪ್ಪಳ. ಫೋಟೋ ನಾನು ನೋಡುತ್ತೇನೆ, ಅಪ್ಪ ನೋಡುತ್ತಾನೆ. ಅವ್ವನ ಪಾಲಿಗೆ ಏನೂ ಉಳಿದಿರಲಿಲ್ಲ. ಈಗ ಒಂದು ಮಾತು ಉಳಿದಿದೆ.

ಅಂಗಡಿಯ ಕಡೆಯಿಂದ ಮಷೀನಿನ ಸಪ್ಪಳ ಶುರುವಾಯಿತು.

ಡಿಸೆಂಬರ್ ೧೪, ರವಿವಾರ

ದೆವ್ವದ ಸಿನಿಮಾ. ಎಲ್ಲರೂ ಕಿರುಚಿದರು, ಅವ್ವ ನಕ್ಕಳು. ‘ಬಾಗಲಾ ಕಿರ್ ಅಂತೈತಿ, ನಾಯಿ ಬೊಗಳತೈತಿ, ಒಬ್ಬಾಕಿ ಚೀರತಾಳ. ಇದು ನಮ್ಮ ಓಣೀನ ಅಲ್ಲೇನು?’ ದೆವ್ವದ ಮುಖ ಹೇಗಿದೆ ಎಂದು ಕೇಳಿದಳು. ಸುಣ್ಣ ಬಳಿದ ಹಾಗೆ, ಕಣ್ಣ ಸುತ್ತ ಕಾಡಿಗೆ ಅಂದೆ. ‘ಅಯ್ಯ, ಪಾಪ,’ ಅಂದಳು.

ಸತ್ತವರು ಬಂದರೆ ಯಾಕೆ ಹೆದರಬೇಕು ಎಂದು ಆಮೇಲೆ ದಾರಿಯಲ್ಲಿ ಕೇಳಿದಳು.

ಜನವರಿ ೧೧, ರವಿವಾರ

ಲಗ್ನದ ಹಂಗಾಮು. ಗಾದಿಯ ಮೇಲೆ ಗಾದಿ. ಎಷ್ಟೋ ದಿನದಿಂದ ಬರೆದಿಲ್ಲ, ಸಿನಿಮಾನೂ ಇಲ್ಲ. ಮೂಗಿನೊಳಗೆಲ್ಲ ಹತ್ತಿ.

ಸ್ಟೇಷನ್ ರಸ್ತೆಯಲ್ಲಿ ಪೋಸ್ಟರ್ ಹಚ್ಚಿದ್ದಾರೆ. ಅವ್ವನನ್ನು ಕರೆದುಕೊಂಡು ಹೋದೆ. ಗೋಡೆಗೆ ಕೈಯಿಟ್ಟು ಪೂರ್ತಿ ತಡವಿದಳು. ಅಂಟು ಇನ್ನೂ ಹಸಿ.

‘ಇಮ್ರಾನ ಎಲ್ಲಿ ಅದಾನ?’

‘ಇದರಾಗ ಇಲ್ಲಬೇ. ಬರೇ ಆ ಹುಡುಗಿ ಅದಾಳ. ಹಿಂದ ಒಂದ ಬಸ್ಸ ಐತಿ.’

‘ಇರಲಿ ಬಿಡು. ಒಳಗ ಅದಾನಲ್ಲ.’

ಕೈಗೆ ಹತ್ತಿದ ಅಂಟನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಮನೆಯವರೆಗೂ ಹಾಗೇ ಹಿಡಿದುಕೊಂಡು ಬಂದಳು.

ಓಣಿಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾಳೆ. ಇರ್ಫಾನಾಳಿಗೂ. ‘ನನ್ನ ಮಗ ಮಾತಾಡತಾನ, ಬಾ ನೀನೂ.’

ಜನವರಿ ೨೪, ಶನಿವಾರ. ಸಂಜೆ

ಇವತ್ತು ಅಕ್ಷರ ಇನ್ನೂ ಕೆಟ್ಟದಾಗಿವೆ.

ನಿನ್ನೆ ಸಿನಿಮಾ ಬಂತು. ನಾಳೆ ಅವ್ವನನ್ನು ಕರೆದೊಯ್ಯುವುದು. ಸಿನಿಮಾದವರು ಎಷ್ಟೋ ಸೀನ್ ತೆಗೆದುಹಾಕುತ್ತಾರೆ, ಮೊದಲು ನೀನು ನೋಡಿ ಬಾ ಎಂದು ಕಸ್ತೂರಿ ಅಂದಳು. ಹಾಗಾಗಿ ಇವತ್ತು ನಾವಿಬ್ಬರೂ ಹೋದೆವು. ದಾರ ತರಲು ಹೋಗುತ್ತೇನೆ ಎಂದು ಅಪ್ಪನಿಗೆ ಅಂದೆ.

ಸೀನ್ ಇದೆ.

ಇಂಟರ್ವಲ್ ಆದ ಮೇಲೆ ಬರುತ್ತದೆ. ಸಂಜೆ. ಬಸ್ಸು ಹೋಗಿ ಧೂಳು ಕೂರುತ್ತಿದೆ. ಧೂಳಿನ ಹಿಂದಿನಿಂದ ನಮ್ಮ ಟೆಂಪೋ. ಅದಕ್ಕೆ ಒರಗಿ ಅಣ್ಣ. ಕೈಯಲ್ಲಿ ಚಹಾದ ಕಪ್ಪು. ಚೌಕಡಿ ಅಂಗಿ, ಅದರ ಎರಡನೆಯ ಗುಂಡಿ ನಾನೇ ಹಚ್ಚಿದ್ದು. ಅವತ್ತು ಸಣ್ಣ ದಾರ ಮುಗಿದಿತ್ತು, ಗಾದಿಯ ದಪ್ಪ ಬಿಳಿ ದಾರದಿಂದ ಹೊಲಿದಿದ್ದೆ. ಎಷ್ಟು ದೊಡ್ಡ ಗುಂಡಿ! ತಾಟಿನಷ್ಟು. ಆ ದಾರ ಹಗ್ಗದಷ್ಟು. ‘ಅಯ್ಯ ನಿನ್ನ ಹೊಲಿಗಿ ನೋಡಲೇ, ಊರೆಲ್ಲಾ ನೋಡಾಕತ್ತೈತಿ,’ ಎಂದು ಕಸ್ತೂರಿ ಅಳುತ್ತಲೇ ನಕ್ಕಳು.

ಅಣ್ಣ ಹುಡುಗಿಯ ಕಡೆ ನೋಡಿದ. ಬಾಯಿ ತೆರೆದ.

ಬೇರೆ ಯಾರೋ ಮಾತಾಡಿದರು.

ದಪ್ಪ ದನಿ. ಮಾತೂ ಬೇರೆ. ‘ಯಾಕಮ್ಮಾ ಇಲ್ಲೇ ನಿಂತಿದ್ದೀಯಾ? ಹೋಗು, ಹೋಗು.’ ಅಷ್ಟೇ. ಅಣ್ಣನ ಬಾಯಿ ಅಲ್ಲಾಡುತ್ತದೆ, ಒಳಗಿನಿಂದ ಯಾವನೋ ಮಾತಾಡುತ್ತಾನೆ. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಟೆಂಪೋ ಇರಲಿಲ್ಲ. ಹುಡುಗಿ ಒಬ್ಬಳೇ ನಡೆದು ಹೋಗುತ್ತಿದ್ದಳು.

ಕಸ್ತೂರಿ ಹೊರಗೆ ಬಂದ ಮೇಲೆ ಅಂದಳು — ‘ಇವತ್ತ ರಾತ್ರಿನ ನಿಮ್ಮವ್ವಗ ಹೇಳಿಬಿಡು. ಕತ್ತಲ್ಯಾಗ ಕುಂತು ಮೋಸ ಹೋಗೂದಕ್ಕಿಂತ ಮನ್ಯಾಗ ಅತ್ತ ಹಗರ ಆಗೂದು ಚೊಲೊ.’

ಮನೆಗೆ ಬಂದೆ. ಅವ್ವ ಟ್ರಂಕಿನಿಂದ ಹಸಿರು ಸೀರೆ ತೆಗೆಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ‘ಮಡತಿ ಸರಿ ಅದಾವೇನ ನೋಡು,’ ಅಂದಳು. ನೋಡಿದೆ. ಸರಿ ಇವೆ ಅಂದೆ. ಅಷ್ಟೇ ಆಡಿದ್ದು.

ಜನವರಿ ೨೫, ರವಿವಾರ

ಬೆಳಿಗ್ಗೆ ಹೇಳಬೇಕೆಂದೆ. ತಲೆ ಬಾಚುವಾಗ ಹೇಳಬೇಕೆಂದೆ. ರಿಕ್ಷಾದಲ್ಲಿ ಹೇಳಬೇಕೆಂದೆ. ಅವ್ವ ಒಂದೇ ಸಮನೆ ಮಾತಾಡುತ್ತಿದ್ದಳು, ರಿಕ್ಷಾದವನಿಗೂ ಮಗನ ವಿಷಯ. ‘ನೀವೂ ನೋಡ್ರಿ ಯಪ್ಪಾ. ಒಂದ ಮಾತ ಐತಿ, ಆದ್ರ ಚೊಲೊ ಮಾತ ಐತಿ.’

ಇಂಟರ್ವಲ್ ತನಕ ಎಲ್ಲ ಹೇಳಿದೆ. ಹುಡುಗಿಯ ಚಪ್ಪಲಿ ಎಡದ್ದು ಬಲದ್ದು ಅದಲುಬದಲಾಗಿದೆ. ಬಸ್ಸಿನ ಕಿಟಕಿಗೊಂದೊಂದು ಮುಖ. ಅವ್ವ ತಲೆಯಾಡಿಸುತ್ತಿದ್ದಳು.

ಆಮೇಲೆ ಆ ಸೀನ್ ಬಂತು. ಬಸ್ಸು ಹೋದ ಸಪ್ಪಳ. ಹೇಳಿದರೆ ದನಿ ಯಾಕೆ ಬೇರೆ ಎಂದು ಕೇಳುತ್ತಾಳೆ, ಇಷ್ಟು ಜನರ ನಡುವೆ ಅಳುತ್ತಾಳೆ... ಸುಮ್ಮನೆ ಇದ್ದೆ. ಸ್ಕ್ರೀನ್ ನೋಡಲಿಲ್ಲ, ಅವ್ವನ ಮುಖ ನೋಡಿದೆ. ಅಣ್ಣನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ‘ಯಾಕಮ್ಮಾ ಇಲ್ಲೇ ನಿಂತಿದ್ದೀಯಾ’ ಅಂದಿತು ಆ ದನಿ. ಅವ್ವನಿಗೆ ಅದು ಯಾರೋ ದಾರಿಹೋಕ. ಕಿವಿ ಮುಂದೆ ಮಾಡಿ ಮಗನನ್ನು ಕಾಯುತ್ತಲೇ ಇದ್ದಳು.

ಕೊನೆಯ ತನಕ ಕಾದಳು. ಹುಡುಗಿಯ ಅಪ್ಪ ಬರಲೇ ಇಲ್ಲ, ಅವನ ಚೀಲ ಮಾತ್ರ ಬಂತು. ಥಿಯೇಟರಿನಲ್ಲಿ ಮೂಗು ಒರೆಸುವ ಸಪ್ಪಳ. ಹೆಸರುಗಳು ಬಂದವು. ಜನ ಎದ್ದರು. ಲೈಟು ಹತ್ತಿತು. ಅವ್ವ ಏಳಲಿಲ್ಲ.

‘ಇನ್ನ ಬಂದಿಲ್ಲಲ್ಲ ಮಿನಾಜ ಅವ?’

ಕಸಬರಿಗೆಯ ಹೆಂಗಸು ನಮ್ಮ ಸಾಲಿನ ತನಕ ಬಂದಿದ್ದಳು. ಅವ್ವ ಎದುರಿನ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

‘ಬರಲಿಲ್ಲಬೇ,’ ಅಂದೆ. ‘ಕತ್ತಲಾತು. ಮನಿಗಿ ನಡಿ.’

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಅದು ಯಾರ ಮಾತೆಂದು. ಅವ್ವನಿಗೂ ಗೊತ್ತಾಯಿತು. ನನ್ನ ಕಡೆ ತಿರುಗಿದಳು. ಎದ್ದಳು.

ರಿಕ್ಷಾದಲ್ಲಿ ಕೇಳಿದಳು — ‘ಕತ್ತರಿ ಹಾಕ್ಯಾರೇನು ಅವಂದು?’

‘ಹೂಂ.’

ಜನವರಿ ೨೬

ಧ್ವಜದ ಹಾಡು ಮೈಕಿನಲ್ಲಿ. ಅಂಗಡಿ ಬಂದ್. ಅವ್ವ ನನ್ನನ್ನೇ ಸಮಾಧಾನ ಮಾಡಿದಳು. ‘ಅಳಬ್ಯಾಡ. ದೊಡ್ಡ ದೊಡ್ಡವರದ ಕತ್ತರಸತಾರಂತ, ನಮ್ಮ ಹುಡುಗಂದ ಏನ.’ ಆಮೇಲೆ ರೊಟ್ಟಿ ಮುಟ್ಟಲಿಲ್ಲ.

ಅಪ್ಪ ಇವತ್ತೂ ಸಂಜೆ ತಡವಾಗಿ ಬಂದ. ಖಬರಸ್ತಾನಕ್ಕೆ ಹೋಗಿದ್ದೆ ಅಂದ.

ಜನವರಿ ೨೯, ಗುರುವಾರ

ದಶರಥ ಬಂದಿದ್ದ. ಸಾಂಗ್ಲಿಗೆ ಲೋಡು ಹಾಕಿ ಹಾಗೇ ಬಂದವನು. ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಶುರು ಮಾಡಿದ — ‘ನೋಡಿದ್ರೇನ ಅವ್ವಾರ ನಿಮ್ಮ ಹೀರೋನ್ನ? ಎಷ್ಟ ಚೆಂದ ಕಂಡಾನ! ಟೆಂಪೋಕ್ಕ ಆತು ನಿಂತಾನ, ಚಾ ಕುಡ್ಯಾಕತ್ತಾನ, ಪೂರಾ ಸ್ಕ್ರೀನ್ ತುಂಬ ಅವನ!’

ನಾನು ಕಣ್ಣಿನಿಂದ ಬೇಡ ಅಂದೆ. ನನ್ನನ್ನು ನೋಡಲಿಲ್ಲ ಅವನು.

‘ಯಾವಾಗ?’ ಅಂದಳು ಅವ್ವ.

‘ಇಂಟರವಲ್ ಆದಮ್ಯಾಲ. ದನಿ ಅವಂದಲ್ಲ ಬಿಡ್ರಿ, ಅದ ಖರೆ. ಬಸ್‌ಸ್ಟ್ಯಾಂಡಿನ ಗದ್ದಲದಾಗ ದನಿ ಕೆಟ್ಟಿತ್ತಂತ. ಹೊಳ್ಳಿ ದನಿ ಕೊಡಾಕ ಕರೀರಿ ಅಂತ ಸೆಪ್ಟೆಂಬರದಾಗ ನನಗ ಫೋನ್ ಬಂದಿತ್ತು. ಇಲ್ರಿ ಸರ, ಅಂವ ಈಗ ಇಲ್ಲ ಅಂದೆ. ಹಂಗಾರ ಬ್ಯಾರೆಯವರ ಕಡಿಂದ ಮಾಡಸತೇವಿ ಅಂದ್ರು...’

ಆಗ ಮಾತ್ರ ನನ್ನ ಮುಖ ನೋಡಿದ. ಮಾತು ನಿಲ್ಲಿಸಿದ. ಚಹಾ ಅರ್ಧ ಬಿಟ್ಟು ಹೋದ.

ಇವತ್ತು ಗುರುವಾರ, ಲೋಬಾನದ ಧೂಪ ಹಾಕುವ ದಿನ, ಅವ್ವನ ಮುಂದಿನ ಕೆಂಡ ಆರಿಹೋಗುತ್ತಿತ್ತು.

‘ದನಿ ಇಲ್ಲ ಅಂತ ನಿನಗ ಗೊತ್ತಿತ್ತು?’

‘ಹೂಂ.’

‘ಅಂವ ಅಲ್ಲೆ ನಿಂತಿದ್ದ. ನನ್ನ ಮುಂದ.’

‘ಅವ್ವಾ, ನಿನಗ ದನಿ ಬೇಕಾಗಿತ್ತು, ಅದಕ್ಕ...’

‘ದನಿ ಹೋತು, ಹೋಗಲಿ. ಬೇಕಾದವರ ದನಿ ಹಾಕ್ಕೊಳ್ಳಲಿ.’ ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು. ‘ಹ್ಯಾಂಗ ನಿಂತಿದ್ದ, ಎತ್ತಾಗ ನೋಡತಿದ್ದ, ನಕ್ಕನೇನು... ನಿನಗ ಕಂಡಿತ್ತಲ್ಲ ಮಿನಾಜ? ಕಾಣೋದು ಹೇಳು ಅಂದಿದ್ದೆ ನಾ. ಅಷ್ಟ ಅಂದಿದ್ದೆ.’

ಕೆರೆಯ ದಂಡೆಯ ಇರುವೆಯನ್ನು ಹೇಳಿದ್ದೆ. ಯಾರದೋ ಚಪ್ಪಲಿಯನ್ನು ಹೇಳಿದ್ದೆ. ನನ್ನ ಅಣ್ಣನನ್ನು ಹೇಳಲಿಲ್ಲ.

ನಾಳೆ ಮತ್ತೆ ಕರೆದುಕೊಂಡು ಹೋಗುತ್ತೇನೆ ಅಂದೆ. ಎಲ್ಲಾ ಹೇಳುತ್ತೇನೆ. ಥಿಯೇಟರ್ ಕೇಳುವ ಹಾಗೆ ಹೇಳುತ್ತೇನೆ.

ಜನವರಿ ೩೦, ಶುಕ್ರವಾರ

ಸಿನಿಮಾ ಬದಲಾಗಿದೆ.

ಹುಡುಗಿಯ ಮುಖದ ಮೇಲೆ ಬೇರೆ ಪೋಸ್ಟರ್ ಹಚ್ಚುತ್ತಿದ್ದರು. ಒಂದೇ ವಾರ. ಗೇಟಿನವನನ್ನು ಕೇಳಿದೆ. ನಾನೇ ಕೇಳಿದೆ, ಗಂಡಸರ ಸಾಲಿನ ಮುಂದೆ ಹೋಗಿ. ‘ಮಂದಿ ಬರಲಿಲ್ಲಬೇ ತಂಗಿ,’ ಅಂದ. ಮತ್ತೆಲ್ಲಿ ಹಾಕುತ್ತಾರೆ? ‘ಯಾರಿಗೆ ಗೊತ್ತು.’

ಹೊಸದಕ್ಕೆ ಬರುತ್ತೀಯಾ ಎಂದು ಅವ್ವನನ್ನು ಕೇಳಲಿಲ್ಲ. ಅವಳು ನನ್ನ ಕೈ ಬಿಟ್ಟು, ಕಂಪೌಂಡ್ ಗೋಡೆ ಹಿಡಿದು, ತಾನೇ ರಸ್ತೆಯ ಕಡೆ ನಡೆದಳು.

ಊಟದ ಹೊತ್ತಿಗೆ ನಾನು ಧೈರ್ಯ ಮಾಡಿ ಶುರು ಮಾಡಿದೆ. ಧೂಳು ಹೇಳಿದೆ. ಟೆಂಪೋ, ಚಹಾದ ಕಪ್ಪು, ಚೌಕಡಿ ಅಂಗಿ, ಗುಂಡಿ ಹೇಳಿದೆ. ಅವ್ವ ತುತ್ತು ಕೈಯಲ್ಲಿ ಹಿಡಿದು ಕೇಳಿದಳು.

‘ಮಾತಾಡಿದ ಮ್ಯಾಲ?’

‘ಆಮ್ಯಾಲ... ನಾ ಕಣ್ಣ ಮುಚ್ಚಿದ್ದೆ. ಎರಡನೇ ಸಲಾ ನಿನ್ನ ನೋಡಾಕತ್ತಿದ್ದೆ. ಆಮ್ಯಾಲಿಂದು ನಾ ನೋಡಿಲ್ಲಬೇ.’

ಅಪ್ಪ ತಾಟಿನ ಮುಂದಿನಿಂದ ಎದ್ದ. ಅಂಗಡಿಯ ಬಾಗಿಲಿಗೆ ಹೋದ. ಮಷೀನಿನ ಬಟನ್ನಿನ ಮೇಲೆ ಕೈಯಿಟ್ಟ. ಈಗ ಸಪ್ಪಳ ಶುರುವಾಗುತ್ತದೆ ಅಂದುಕೊಂಡೆ. ಆಗಲಿಲ್ಲ.

‘ಹೊಳ್ಳಿ ನೋಡತಾನ,’ ಅಂದ.

ಅವ್ವ ತಲೆಯೆತ್ತಿದಳು.

‘ಚಾದ ಕಪ್ಪ ಒಗೀತಾನ. ಟಾವೆಲ್ ಹೆಗಲಿಗೆ ಹಾಕ್ಕೊತಾನ, ಎಡಗಡೆ. ಗಾಡಿ ಹತ್ತತಾನ. ಗಾಡಿ ಬಿಡೂಕಿಂತ ಮುಂಚೆ ಕಿಡಕ್ಯಾಗಿಂದ ತಲಿ ಹೊರಗ ಹಾಕಿ... ಹೊಳ್ಳಿ ನೋಡತಾನ. ಒಮ್ಮೆ.’

‘ನೀವ ಯಾವಾಗ ಹೋಗಿದ್ರಿ?’ ಅಂದಳು ಅವ್ವ.

‘ದಿನಾ ಹೋದೆ. ಅವಂದ ಬಂದ ಹೋಗೂ ತನಕ ಕುಂದರತಿದ್ದೆ. ಆಮ್ಯಾಲ ಎದ್ದ ಬರತಿದ್ದೆ.’

ಖಬರಸ್ತಾನಕ್ಕೆ ಹೋಗಿದ್ದೆ ಅನ್ನುತ್ತಿದ್ದ ಅಪ್ಪ.

ಅವ್ವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟಳು. ಅಪ್ಪ ನಿಂತಿದ್ದ ಕಡೆಗೆ ಸರಿಯಾಗಿ ಮುಖ ಮಾಡಿ ಕೇಳಿದಳು — ‘ನಗತಾನೇನ್ರಿ?’

ಅಪ್ಪ ಬಟನ್ನಿನಿಂದ ಕೈ ತೆಗೆದ. ಸುಳ್ಳು ಹೇಳಬಹುದಿತ್ತು.

‘ಇಲ್ಲ,’ ಅಂದ. ‘ಆ ಕೂಸಿನ್ನ ನೋಡಿ ನಗು ಬರೂದಿಲ್ಲ ಅವನಿಗೆ.’

‘ಹಾಂ,’ ಅಂದಳು ಅವ್ವ. ‘ಬರೂದಿಲ್ಲ. ನನ್ನ ಮಗ ಅದಾನ ಅಂವ.’

ಫೆಬ್ರವರಿ ೧, ರವಿವಾರ

ಸಿನಿಮಾಕ್ಕೆ ಹೋಗಲಿಲ್ಲ. ನಾಲ್ಕರ ಹೊತ್ತಿಗೆ ಮೂವರೂ ಅಂಗಡಿಯಲ್ಲೇ ಕೂತೆವು, ಹತ್ತಿಯ ನಡುವೆ. ಅಪ್ಪ ಒಂದು ಹೇಳುತ್ತಾನೆ, ನಾನು ಒಂದು ಹೇಳುತ್ತೇನೆ. ಟೆಂಪೋದ ಕನ್ನಡಿಗೆ ಕೆಂಪು ರಿಬ್ಬನ್ ಇತ್ತು ಎಂದೆ. ಅಪ್ಪ ಹಸಿರು ಅಂದ. ಜಗಳ ಆಯಿತು. ‘ಎರಡೂ ಇರಲಿ ಬಿಡ್ರಿ,’ ಅಂದಳು ಅವ್ವ.

ಗಡ್ಡ ಬಿಟ್ಟಿದ್ದನೇ ಎಂದು ಕೇಳಿದಳು. ನನಗೂ ಅಪ್ಪನಿಗೂ ನೆನಪಾಗಲಿಲ್ಲ. ಆಗಲೇ ಮರೆಯುತ್ತಿದೆ. ಸಿನಿಮಾ ತೆಗೆದು ಮೂರು ದಿನವೂ ಆಗಿಲ್ಲ...

ಅದಕ್ಕೇ ಮತ್ತೊಮ್ಮೆ ಬರೆಯುತ್ತೇನೆ. ಧೂಳು. ಟೆಂಪೋ. ಚಹಾದ ಕಪ್ಪು ಎಸೆದ. ಟಾವೆಲ್ ಎಡಗಡೆ. ಹೊರಳಿ ನೋಡಿದ.

ದನಿ ಹೇಗಿತ್ತೆಂದು ಬರೆಯಲು ನೋಡಿದೆ. ಅದು ಅಕ್ಷರದಲ್ಲಿ ಬರುವುದಿಲ್ಲ.

ಫೆಬ್ರವರಿ ೫, ಗುರುವಾರ. ಬೆಳಿಗ್ಗೆ

ಅಣ್ಣನ ಅಂಗಿಗಳೆಲ್ಲ ನಲವತ್ತನೆಯ ದಿನವೇ ದಾನಕ್ಕೆ ಹೋದವು. ಚೌಕಡಿಯದೂ. ಯಾರ ಮೈಮೇಲಿದೆಯೋ.

ಚಹಾ ಆಗುವ ಮುಂಚೆ ಅಪ್ಪನ ಹಳೆಯ ಅಂಗಿ ತೆಗೆದುಕೊಂಡೆ. ಎರಡನೆಯ ಗುಂಡಿ ಕಿತ್ತೆ. ಗಾದಿಯ ದಾರ ಪೋಣಿಸಿ ಅದೇ ಗುಂಡಿಯನ್ನು ಮತ್ತೆ ಹಚ್ಚಿದೆ — ಅವತ್ತಿನ ಹಾಗೆಯೇ, ಗಡಿಬಿಡಿಯಲ್ಲಿ, ಗಂಟು ಮೇಲೆ ಬರುವಂತೆ. ಅವ್ವನ ಕೈಗೆ ಕೊಟ್ಟೆ. ಹೀಗಿತ್ತು ಅಂದೆ.

ಬೆರಳಿಂದ ತಿರುವಿ ತಿರುವಿ ನೋಡಿದಳು. ಗಂಟಿನ ಮೇಲೆ ಬೆರಳು ನಿಂತಿತು.

‘ಮತ್ತ?’ ಅಂದಳು.

ಮೊದಲಿನಿಂದ ಹೇಳತೊಡಗಿದೆ. ಮತ್ತೆ, ಧೂಳು ಕೂರುವಾಗ...